ಗೋಲಿಬಾರಿನ ಎರಡು ವಿಡಿಯೊ, ಮೂರು ಕಥೆ: ಯಾವುದನ್ನು ನಂಬಬೇಕು?

ಪ್ರಶ್ನೆ: ನಾನು ಬದಿಯಡ್ಕದ ಕಡೆಯವಳು, ಶಾಲೆಯಲ್ಲಿ ಪಾಠ ಮಾಡುತ್ತೇನೆ. 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ಹೊತ್ತಿಗೆ ಗೋಲಿಬಾರ್ ಆಗಿ ಇಬ್ಬರು ತೀರಿಕೊಂಡ ಲಾಗಾಯ್ತು ನಮ್ಮ ಮನೆಯಲ್ಲಿ ಆ ಮಾತು ಬಂದರೆ ಎರಡು ಪಕ್ಷ. ಅಣ್ಣ ಪೊಲೀಸರು ಬಿಟ್ಟ ವಿಡಿಯೊ ತೋರಿಸುತ್ತಾನೆ, ಅವನ ಮಗ ಬೇರೊಂದನ್ನು ತೋರಿಸುತ್ತಾನೆ. ವಯನಾಡಿನ ಮಾವೋವಾದಿ ಎನ್‌ಕೌಂಟರ್, ಹೈದರಾಬಾದಿನ ಎನ್‌ಕೌಂಟರ್, ಎಲ್ಲದರಲ್ಲೂ ಇದೇ ಪಾಡು. ಪೋಸ್ಟ್‌ಮಾರ್ಟಂ ವರದಿ ನೋಡಿದರೆ ಸತ್ಯ ತಿಳಿಯುವುದಿಲ್ಲವೇ? ಸಾಕ್ಷಿಗಳು ಒಬ್ಬರಿಗೊಬ್ಬರು ವಿರುದ್ಧ ಹೇಳಿದರೆ ಅವರಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದೇ ಅಲ್ಲವೇ? ಅಂಥ ಘಟನೆಯ ವಿಡಿಯೊ ನಮ್ಮವರ ಫೋನಿನಲ್ಲೇ ಇದ್ದರೆ ಏನು ಮಾಡಬೇಕು?

ಉತ್ತರ:

ಟೀಚರೇ, ಪೋಸ್ಟ್‌ಮಾರ್ಟಂ ವರದಿಯಿಂದ ಕೆಲವು ಸಂಗತಿಗಳು ಖಚಿತವಾಗಿ ತಿಳಿಯುತ್ತವೆ. ಆದರೆ ನಿಮ್ಮ ಮನೆಯ ಜಗಳ ಯಾವುದರ ಮೇಲೆ ನಿಂತಿದೆಯೋ ಅದು ಅದರಲ್ಲಿ ಇರುವುದಿಲ್ಲ. ಗುಂಡು ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಿತ್ತು, ಎಷ್ಟು ಗುಂಡು ತಾಗಿತು, ಹತ್ತಿರದಿಂದಲೋ ದೂರದಿಂದಲೋ, ಪ್ರಾಣ ಹೋದದ್ದು ಯಾವ ಗಾಯದಿಂದ, ಇಷ್ಟನ್ನು ಶವ ಹೇಳುತ್ತದೆ. ಗುಂಡು ಹಾರಿಸಿದವನಿಗೆ ಆ ಗಳಿಗೆಯಲ್ಲಿ ನಿಜಕ್ಕೂ ಪ್ರಾಣಭಯವಿತ್ತೇ, ಬೇರೆ ದಾರಿ ಇತ್ತೇ, ಆದೇಶ ಯಾರದು, ಎಚ್ಚರಿಕೆ ಕೊಟ್ಟರೇ ಎಂಬುದನ್ನು ಶವದಿಂದ ಓದಲಾಗದು. ಫೊರೆನ್ಸಿಕ್ ಮೆಡಿಸಿನ್ ಕಲಿಸಿ, ಕೋರ್ಟುಗಳಲ್ಲಿ ಸಾಕ್ಷಿ ನುಡಿದು ನಿವೃತ್ತನಾದ ನನಗೆ, ‘ಶವಪರೀಕ್ಷೆಯಿಂದ ಸತ್ಯ ಬಯಲು’ ಎಂಬ ತಲೆಬರಹ ಕಂಡಾಗಲೆಲ್ಲ ಕಳವಳವಾಗುತ್ತದೆ.

ದೂರದ ವಿಷಯ ಮೊದಲು ಹೇಳುತ್ತೇನೆ. ಪಿಸ್ತೂಲಿನ ಬಾಯಿ ಮೈಗೆ ತಾಗಿಕೊಂಡೇ ಇದ್ದರೆ ಗಾಯದ ಅಂಚು ಸುಟ್ಟಿರುತ್ತದೆ, ಮಸಿ ಗಾಯದ ಒಳಗೇ ಹೋಗಿರುತ್ತದೆ. ಒಂದು ಗೇಣಿನ ಆಚೀಚೆ ಇದ್ದರೆ ಮಸಿ ಚರ್ಮದ ಮೇಲೆ ಕೂತಿರುತ್ತದೆ, ಒರೆಸಿದರೆ ಹೋಗುತ್ತದೆ. ಇನ್ನೂ ಸ್ವಲ್ಪ ಆಚೆ, ಸುಮಾರು ಎರಡು ಮೂರು ಅಡಿಯವರೆಗೆ, ಉರಿಯದೆ ಉಳಿದ ಮದ್ದಿನ ಕಣಗಳು ಚರ್ಮಕ್ಕೆ ಚುಚ್ಚಿ ಹಚ್ಚೆಯ ಹಾಗೆ ಚುಕ್ಕಿ ಬಿಡುತ್ತವೆ. ಇವು ತೊಳೆದರೂ ಹೋಗುವುದಿಲ್ಲ. ಅದಕ್ಕಿಂತ ದೂರದಿಂದ ಬಂದ ಗುಂಡಿಗೆ ಬರೇ ಒಂದು ತೂತು, ಸುತ್ತ ತರಚಿದ ಉಂಗುರ. ಅಲ್ಲಿಂದಾಚೆ ಹತ್ತಡಿಯೋ ನೂರಡಿಯೋ ಎಂದು ಗಾಯ ನೋಡಿಯೇ ಹೇಳಬಲ್ಲೆ ಎನ್ನುವವರ ಮಾತು ನಂಬಬೇಡಿ. ಕೋವಿ ಮತ್ತು ತೋಟೆ ಬದಲಾದ ಹಾಗೆ ಈ ಅಳತೆಗಳೂ ಬದಲಾಗುತ್ತವೆ. ಅದಕ್ಕೇ ಅದೇ ಕೋವಿಯಿಂದ, ಅದೇ ಜಾತಿಯ ತೋಟೆ ಹಾಕಿ, ಪ್ರಯೋಗಾಲಯದಲ್ಲಿ ಬೇರೆ ಬೇರೆ ದೂರದಿಂದ ಬಟ್ಟೆಗೆ ಹೊಡೆದು ಹೋಲಿಸಿ ನೋಡುವುದು.

ಬಟ್ಟೆ ಎಂದೆನಲ್ಲ, ಬಹಳ ಮಂದಿಗೆ ತಿಳಿಯದ ಸಂಗತಿ ಅಲ್ಲೇ ಇದೆ. ಬಟ್ಟೆಯ ಮೇಲೆ ಗುಂಡು ಬಿದ್ದರೆ ಮಸಿ ಮತ್ತು ಮದ್ದಿನ ಕಣಗಳು ಬಟ್ಟೆಯಲ್ಲೇ ಉಳಿಯುತ್ತವೆ, ಚರ್ಮ ಶುದ್ಧವಾಗಿ ಕಾಣುತ್ತದೆ. ಬಟ್ಟೆ ಕಳೆದುಹೋದರೆ ಮಾರು ದೂರದ ಗುಂಡೂ ಗೇಣು ದೂರದ ಗುಂಡೂ ಒಂದೇ. ಗಾಯಾಳುವನ್ನು ಆಸ್ಪತ್ರೆಗೆ ತಂದಾಗ ಜೀವ ಉಳಿಸುವ ಗಡಿಬಿಡಿಯಲ್ಲಿ ನರ್ಸ್‌ಗಳು ಅಂಗಿಯನ್ನು ಕತ್ತರಿಯಿಂದ ಕತ್ತರಿಸುತ್ತಾರೆ, ಕೆಲವೊಮ್ಮೆ ಗುಂಡಿನ ತೂತಿನ ಮೇಲೆಯೇ. ಅದು ಕಸದ ಬುಟ್ಟಿಗೆ ಹೋಗುತ್ತದೆ. ಎದೆಗೆ ನಳಿಗೆ ಹಾಕುವಾಗ ವೈದ್ಯರು ಗುಂಡಿನ ಗಾಯವನ್ನೇ ದೊಡ್ಡದು ಮಾಡಿದ್ದೂ ಉಂಟು. ಇದರಲ್ಲಿ ಯಾರ ಕುಟಿಲವೂ ಇಲ್ಲ. ಆದರೆ ಮುಂದೆ ಎರಡು ವೈದ್ಯರು ಒಂದೇ ಗಾಯದ ಬಗ್ಗೆ ಎರಡು ಅಭಿಪ್ರಾಯ ಬರೆದರೆ ‘ಒಬ್ಬನನ್ನು ಕೊಂಡುಕೊಂಡರು’ ಎಂಬ ಮಾತು ಹುಟ್ಟುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯ ಗಂಭೀರ ಪ್ರಕರಣಗಳ ಶವ ಹೆಚ್ಚಾಗಿ ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜಿಗೆ ಹೋಗುತ್ತದೆ. ಅಷ್ಟು ದಾರಿಯಲ್ಲಿ ಶವದ ಜೊತೆ ಬಟ್ಟೆಯೂ ಸೀಲ್ ಆಗಿ ಹೋಯಿತೇ ಎಂಬುದು ನಾನಾದರೆ ಕೇಳುವ ಮೊದಲ ಪ್ರಶ್ನೆ.

ಇನ್ನು ದಿಕ್ಕು. ಬೆನ್ನಿನಿಂದ ಹೊಕ್ಕ ಗುಂಡಿಗೆ ತೂಕವಿದೆ. 2018ರ ಮೇ 22ರಂದು ತಮಿಳುನಾಡಿನ ತೂತ್ತುಕುಡಿಯಲ್ಲಿ ಸ್ಟರ್ಲೈಟ್ ತಾಮ್ರದ ಕಾರ್ಖಾನೆಯ ವಿರುದ್ಧದ ಮೆರವಣಿಗೆಯ ಮೇಲೆ ಶುರುವಾದ ಗೋಲಿಬಾರಿನಲ್ಲಿ 13 ಜನ ಸತ್ತರು. ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗ ಓಡುತ್ತಿದ್ದವರ ಮೇಲೆ ಗುಂಡು ಹಾರಿತು ಎಂಬ ತೀರ್ಮಾನಕ್ಕೆ ಬಂತು. 2022ರ ಅಕ್ಟೋಬರಿನಲ್ಲಿ ವರದಿ ವಿಧಾನಸಭೆಗೆ ಬಂತು. ಆದರೆ ಗುಂಡಿನ ಹಾದಿ ದೇಹದ ಒಳಗಿನ ಹಾದಿ ಮಾತ್ರ. ಬಾಗಿದ್ದವನಿಗೂ ಮಲಗಿದ್ದವನಿಗೂ ತಿರುಗುತ್ತಿದ್ದವನಿಗೂ ಅದೇ ಹಾದಿ ಬರಬಹುದು.

ಅಮೆರಿಕದ ಫರ್ಗುಸನ್ ಊರಿನ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. 2014ರ ಆಗಸ್ಟ್ 9ರಂದು ಡ್ಯಾರೆನ್ ವಿಲ್ಸನ್ ಎಂಬ ಪೊಲೀಸ್ ಅಧಿಕಾರಿ ಮೈಕೆಲ್ ಬ್ರೌನ್ ಎಂಬ 18ರ ಹರೆಯದ ಕಪ್ಪು ಹುಡುಗನನ್ನು ಕೊಂದ. ಹುಡುಗ ಎರಡೂ ಕೈ ಮೇಲೆತ್ತಿ ಶರಣಾಗಿದ್ದ ಎಂದು ನೋಡಿದವರು ಕೆಲವರು ಹೇಳಿದರು, ಆ ಭಂಗಿಯೇ ಇಡೀ ದೇಶದ ಪ್ರತಿಭಟನೆಯ ಗುರುತಾಯಿತು. ಮೂರು ಬಾರಿ ಶವಪರೀಕ್ಷೆ ನಡೆಯಿತು. ಕೈ ಎಲ್ಲಿತ್ತು ಎಂಬುದನ್ನು ಅವು ತೀರ್ಮಾನಿಸಲಾಗಲಿಲ್ಲ. ಆದರೆ ಹೆಬ್ಬೆರಳ ಬಳಿಯ ಒಂದು ಗಾಯ ತೀರಾ ಹತ್ತಿರದ ಗುಂಡಿನದು, ಕಾರಿನ ಒಳಗೆ ಹುಡುಗನ ಡಿಎನ್‌ಎ ಸಿಕ್ಕಿತು. ಕಾರಿನ ಬಳಿ ಕೈಕೈ ಮಿಲಾಯಿಸಿದ್ದು ಹೌದು ಎಂಬುದಕ್ಕೆ ಅದು ಹೊಂದಿತು. 2015ರ ಮಾರ್ಚ್ 4ರಂದು ಅಲ್ಲಿನ ಕೇಂದ್ರ ನ್ಯಾಯ ಇಲಾಖೆ ಕೈ ಎತ್ತಿದ್ದ ಎಂದವರ ಹೇಳಿಕೆಗಳು ನಂಬಲರ್ಹವಲ್ಲ, ಅಧಿಕಾರಿಯ ಮೇಲೆ ಮೊಕದ್ದಮೆ ನಿಲ್ಲದು ಎಂದಿತು. ಅದೇ ದಿನ ಅದೇ ಇಲಾಖೆ ಇನ್ನೊಂದು ವರದಿಯನ್ನೂ ಹೊರಹಾಕಿತು: ಫರ್ಗುಸನ್ ಪೊಲೀಸರು ಕಪ್ಪು ಜನರನ್ನು ಕಾನೂನು ಮೀರಿ ಕಾಡುತ್ತಿದ್ದದ್ದು ನಿಜ. ಜನರ ಸಿಟ್ಟಿಗೆ ಕಾರಣವಿತ್ತು, ಆ ಒಂದು ಸಂಗತಿಗೆ ಪುರಾವೆ ಇರಲಿಲ್ಲ. ನಿಮ್ಮ ಅಣ್ಣ ಈ ಕಥೆಯ ಮೊದಲರ್ಧವನ್ನು ಹೇಳಬಹುದು, ಅವನ ಮಗ ಉಳಿದರ್ಧವನ್ನು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು.

ಇದನ್ನು ಕೇಳಿ ‘ಕಡೆಗೂ ಪೊಲೀಸರೇ ಸರಿ’ ಎಂದು ಯಾರಾದರೂ ಹೇಳಿದರೆ, ಅದೇ 2014ರ ಅಕ್ಟೋಬರ್ 20ರಂದು ಶಿಕಾಗೊದಲ್ಲಿ ನಡೆದದ್ದನ್ನು ಹೇಳಿ. ಲಾಕ್ವಾನ್ ಮೆಕ್‌ಡೊನಾಲ್ಡ್ ಎಂಬ 17ರ ಹುಡುಗ ಚೂರಿ ಹಿಡಿದು ಮೈಮೇಲೆ ಬಂದ ಎಂದು ಪೊಲೀಸರು ಬರೆದುಕೊಂಡರು. ಪೊಲೀಸ್ ಕಾರಿನದೇ ಕ್ಯಾಮೆರಾದ ವಿಡಿಯೊ ಹದಿಮೂರು ತಿಂಗಳು ಕಳೆದು, ಕೋರ್ಟಿನ ಆದೇಶದಿಂದ ಹೊರಬಂತು. ಹುಡುಗ ಪಕ್ಕಕ್ಕೆ ಸರಿದು ಹೋಗುತ್ತಿದ್ದ. 16 ಗುಂಡು ಹೊಡೆದಿದ್ದ ಅಧಿಕಾರಿ ಅಪರಾಧಿ ಎಂದು 2018ರಲ್ಲಿ ತೀರ್ಮಾನವಾಯಿತು.

ಸಾಕ್ಷಿಗಳ ವಿಷಯಕ್ಕೆ ಬರುತ್ತೇನೆ. ಅವರ ಮಾತು ಒಂದಕ್ಕೊಂದು ತಾಳೆಯಾಗದಿದ್ದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ನಿಜ ಹೇಳಬೇಕೆಂದರೆ ಎಲ್ಲರ ಮಾತೂ ಅಕ್ಷರಕ್ಕಕ್ಷರ ಒಂದೇ ಆದಾಗಲೇ ನನಗೆ ಸಂಶಯ ಹೆಚ್ಚು. ನಮ್ಮ ಗುಡ್ಡೆಗಳ ನಡುವೆ ಗರ್ನಾಲು ಒಡೆದರೆ ಎಷ್ಟು ಸದ್ದು ಎಂದು ಲೆಕ್ಕ ಹಾಕಿದ್ದೀರಾ? ಪ್ರತಿಧ್ವನಿ ಇದೆ. ಅದರ ಮೇಲೆ ರೈಫಲಿನ ಗುಂಡು ಶಬ್ದಕ್ಕಿಂತ ವೇಗವಾಗಿ ಓಡುವುದರಿಂದ ಗುಂಡಿನ ಹಾದಿಯ ಬಳಿ ಇದ್ದವನಿಗೆ ಒಂದೇ ಗುಂಡಿಗೆ ಎರಡು ಸದ್ದು ಕೇಳುತ್ತದೆ: ಗುಂಡು ಹಾಯ್ದ ಚಟಾರ್ ಮೊದಲು, ಕೋವಿಯ ಢಂ ಆಮೇಲೆ. ‘ಪೊಲೀಸರು ಐದು ಅಂತಾರೆ, ನಾನು ಹತ್ತು ಕೇಳಿದ್ದೇನೆ’ ಎನ್ನುವವನು ಪ್ರಾಮಾಣಿಕನೇ ಇರಬಹುದು. ಎಷ್ಟು ಹೊಡೆದರು ಎಂಬುದಕ್ಕೆ ಕಿವಿಗಿಂತ ಗಟ್ಟಿ ಲೆಕ್ಕವಿರುವುದು ಠಾಣೆಯ ಶಸ್ತ್ರ ರಿಜಿಸ್ಟರಿನಲ್ಲಿ. ಯಾರಿಗೆ ಯಾವ ಕೋವಿ, ಎಷ್ಟು ತೋಟೆ ಕೊಟ್ಟರು, ಎಷ್ಟು ಮರಳಿ ಬಂತು, ನೆಲದಲ್ಲಿ ಎಷ್ಟು ಖಾಲಿ ತೋಟೆ ಸಿಕ್ಕಿತು ಎಂಬುದು ಕೂಡಿ ಬರಬೇಕು.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ. ಸಾಕ್ಷಿ ತುಳುವಿನಲ್ಲೋ ಕನ್ನಡದಲ್ಲೋ ಬ್ಯಾರಿಯಲ್ಲೋ ಹೇಳುತ್ತಾನೆ, ತನಿಖಾಧಿಕಾರಿ ಮಲಯಾಳದಲ್ಲಿ ಬರೆದುಕೊಳ್ಳುತ್ತಾರೆ. ಆ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವ ಹಾಗಿಲ್ಲ ಎಂದು ಕಾನೂನೇ ಹೇಳುತ್ತದೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಹಾಗೆ, 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಮಿನಲ್ಲೂ ಹಾಗೆ. ವರ್ಷಗಳ ನಂತರ ಕೋರ್ಟಿನಲ್ಲಿ ‘ಆಗ ಹೀಗೆ ಹೇಳಿದ್ದೆ, ಈಗ ಹಾಗೆ ಹೇಳುತ್ತಿದ್ದಿ’ ಎಂದು ವಕೀಲರು ಅವನನ್ನು ಹಿಡಿಯುತ್ತಾರೆ. ಹಾಗಾಗಿ ಇಂಥ ಘಟನೆ ಕಂಡವರು ಹೇಳಿಕೆಯನ್ನು ಧ್ವನಿ ಮತ್ತು ವಿಡಿಯೊದಲ್ಲಿ ದಾಖಲಿಸಲು ಕೇಳಿಕೊಳ್ಳಬೇಕು, ಇಲ್ಲವೇ 183ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ತಮ್ಮ ಭಾಷೆಯಲ್ಲೇ ಹೇಳಿಕೆ ಕೊಡಲು ಪ್ರಯತ್ನಿಸಬೇಕು. ನಮ್ಮವರು ಇದನ್ನು ಕೇಳುವುದೇ ಇಲ್ಲ.

ಹಾಗಾದರೆ ಏನನ್ನು ನೋಡಿ ತೂಗಬೇಕು? ಯಾರ ಕಥೆ ಹೆಚ್ಚು ನಂಬುವ ಹಾಗಿದೆ ಎಂಬುದಕ್ಕಿಂತ, ಮೊದಲ ಒಂದು ದಿನದಲ್ಲಿ ವಸ್ತುಗಳನ್ನು ಯಾರು ಹೇಗೆ ಸಂಗ್ರಹಿಸಿದರು ಎಂಬುದೇ ನನಗೆ ಮುಖ್ಯ. ಜನ ಮರೆಯುತ್ತಾರೆ, ಹೆದರುತ್ತಾರೆ, ಪಕ್ಷ ಕಟ್ಟುತ್ತಾರೆ. ಸೀಲ್ ಮಾಡಿದ ಕೋವಿ ಹಾಗಲ್ಲ. ಮಳೆಗಾಲದಲ್ಲಿ ಮುರಕಲ್ಲಿನ ಮೇಲಿನ ರಕ್ತ ಒಂದು ಜಡಿಮಳೆಗೆ ಹೋಗುತ್ತದೆ, ಅದಕ್ಕೆ ಮೊದಲು ಯಾರಾದರೂ ಫೋಟೊ ತೆಗೆದು ಮಾದರಿ ಎತ್ತಿರಬೇಕು.

ವಯನಾಡಿನ ವೈತ್ತಿರಿಯ ಪ್ರಕರಣವನ್ನು ನೀವೇ ಎತ್ತಿದ್ದೀರಿ. 2019ರ ಮಾರ್ಚಿನಲ್ಲಿ ಅಲ್ಲಿನ ಒಂದು ರೆಸಾರ್ಟಿನಲ್ಲಿ ಮಾವೋವಾದಿ ಸಿ.ಪಿ. ಜಲೀಲ್ ಪೊಲೀಸ್ ಗುಂಡಿಗೆ ಸತ್ತರು. ಅವರೇ ಮೊದಲು ಗುಂಡು ಹಾರಿಸಿದರು, ನಾವು ಆತ್ಮರಕ್ಷಣೆಗೆ ಹೊಡೆದೆವು ಎಂಬುದು ಪೊಲೀಸರ ಮಾತು. 2020ರಲ್ಲಿ ಹೊರಬಂದ ಫೊರೆನ್ಸಿಕ್ ವರದಿಯ ಪ್ರಕಾರ ಶವದ ಬಳಿ ಸಿಕ್ಕ ಕೋವಿಯಿಂದ ಗುಂಡು ಹಾರಿರಲಿಲ್ಲ, ಕೈಯಲ್ಲಿ ಮದ್ದಿನ ಕುರುಹು ಸಿಗಲಿಲ್ಲ. ಪತ್ರಿಕೆಗಳು ಎರಡನ್ನೂ ಒಂದೇ ತೂಕದಲ್ಲಿ ಬರೆದವು. ನಾನು ಹಾಗೆ ತೂಗುವುದಿಲ್ಲ. ತೋಟೆ ಸಿಡಿದಾಗ ಕೈಗೆ ಹತ್ತುವ ಸೀಸ, ಬೇರಿಯಂ, ಆಂಟಿಮನಿಯ ಸೂಕ್ಷ್ಮ ಕಣಗಳು ಜೀವಂತ ಮನುಷ್ಯನ ಕೈಯಲ್ಲಿ ಕೆಲವೇ ಗಂಟೆ ನಿಲ್ಲುತ್ತವೆ. ಬೆವರು, ಮಳೆ, ಒರಸಾಟಕ್ಕೆ ಹೋಗುತ್ತವೆ. ಅವು ಇಲ್ಲವೆಂದ ಮಾತ್ರಕ್ಕೆ ಕೋವಿ ಹಿಡಿದಿರಲಿಲ್ಲ ಎನ್ನಲಾಗದು. ಇದ್ದರೂ, ಪಕ್ಕದಲ್ಲಿ ಗುಂಡು ಹಾರಿದಾಗ ಬಂದು ಕೂತಿರಬಹುದು. ಆದರೆ ಕೋವಿಯೇ ಸಿಡಿದಿಲ್ಲ ಎಂಬುದು ಬಹಳ ಗಟ್ಟಿ ಸಂಗತಿ. ಅದಕ್ಕೆ ಪೊಲೀಸರು ಉತ್ತರ ಹೇಳಲೇಬೇಕಾಗುತ್ತದೆ, ಬೇರೆ ಯಾರೋ ಹೊಡೆದರು ಎಂದಾದರೆ ಆ ಗುಂಡು ಹೋಗಿ ತಾಗಿದ ಗೋಡೆಯನ್ನೋ ಮರವನ್ನೋ ತೋರಿಸಬೇಕಾಗುತ್ತದೆ.

ಚಿತ್ತೂರಿನ ಶೇಷಾಚಲಂ ಕಾಡಿನಲ್ಲಿ 2015ರ ಏಪ್ರಿಲ್ 7ರಂದು ರಕ್ತಚಂದನ ಕಡಿಯಲು ಬಂದವರೆಂದು 20 ಜನರನ್ನು ಆಂಧ್ರ ಪೊಲೀಸರು ಕೊಂದರು. ಕಲ್ಲು, ಕೊಡಲಿ, ಕತ್ತಿಯಿಂದ ದಾಳಿ ಮಾಡಿದರು ಎಂಬುದು ಪೊಲೀಸರ ಹೇಳಿಕೆ. ಸತ್ತವರು ತಮಿಳುನಾಡಿನ ಬಡ ಕೂಲಿಗಳು. ಬಸ್ಸಿನಿಂದ ಇಳಿಸಿ ಹಿಡಿದುಕೊಂಡು ಹೋದರು ಎಂದು ಬದುಕುಳಿದವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಹೇಳಿದರು. ಇಂಥಲ್ಲಿ ಶವಕ್ಕಿಂತ ಬಸ್ ಟಿಕೆಟ್, ಫೋನ್ ಟವರಿನ ದಾಖಲೆ, ದಾರಿಯ ಟೋಲ್‌ಗೇಟಿನ ಕ್ಯಾಮೆರಾ ಹೆಚ್ಚು ಮಾತಾಡುತ್ತವೆ. ಅವನ್ನು ವಾರದೊಳಗೆ ಕೇಳಿ ಪಡೆಯದಿದ್ದರೆ ಕ್ಯಾಮೆರಾದ ದಾಖಲೆ ಅಳಿಸಿಹೋಗಬಹುದು.

ವೈರುಧ್ಯ ಎಷ್ಟು ಕಾಲ ಉಳಿಯಬಲ್ಲದು ಎಂದು ತಿಳಿಯಬೇಕಾದರೆ ಕೊಡಗಿನ ಗಡಿಗೆ ತಾಗಿರುವ ತಿರುನೆಲ್ಲಿ ಕಾಡಿನ ಕಥೆ ಕೇಳಿ. 1970ರ ಫೆಬ್ರವರಿ 18ರಂದು ನಕ್ಸಲ್ ನಾಯಕ ಎ. ವರ್ಗೀಸ್ ಅಲ್ಲಿ ಎನ್‌ಕೌಂಟರಿನಲ್ಲಿ ಸತ್ತರು ಎಂದು ಕೇರಳ ಪೊಲೀಸರ ದಾಖಲೆ ಹೇಳಿತು. 28 ವರ್ಷದ ಮೇಲೆ, 1998ರಲ್ಲಿ, ರಾಮಚಂದ್ರನ್ ನಾಯರ್ ಎಂಬ ಕಾನ್‌ಸ್ಟೇಬಲ್ ಮುಂದೆ ಬಂದು, ಕೈಗೆ ಸಿಕ್ಕ ಮನುಷ್ಯನನ್ನು ಮೇಲಧಿಕಾರಿಯ ಆಜ್ಞೆಯಂತೆ ನಾನೇ ಗುಂಡಿಟ್ಟು ಕೊಂದೆ ಎಂದರು. ಸಿಬಿಐ ತನಿಖೆಯಾಗಿ, 2010ರಲ್ಲಿ ನಿವೃತ್ತ ಐಜಿ ಲಕ್ಷ್ಮಣ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಅಷ್ಟು ಹೊತ್ತಿಗೆ ಆ ಕಾನ್‌ಸ್ಟೇಬಲ್ ಬದುಕಿರಲಿಲ್ಲ.

ಹೈದರಾಬಾದಿನದು ಬೇರೆ ಬಗೆಯ ನೋವು. 2019ರ ಡಿಸೆಂಬರ್ 6ರಂದು ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಕೊಂದಾಗ ಜನ ಸ್ಥಳಕ್ಕೆ ಹೋಗಿ ಪೊಲೀಸರ ಮೇಲೆ ಹೂ ಎರಚಿದರು. ಆ ಹೆಣ್ಣುಮಗಳಿಗಾದದ್ದನ್ನು ನೆನೆದರೆ ಆ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ 2022ರಲ್ಲಿ, ಆರೋಪಿಗಳು ಪಿಸ್ತೂಲು ಕಿತ್ತುಕೊಂಡರು ಎಂಬ ಕಥೆಯನ್ನು ಒಪ್ಪದೆ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತು ಎಂದು ಹೇಳಿ ಹತ್ತು ಪೊಲೀಸರ ವಿಚಾರಣೆ ನಡೆಯಬೇಕು ಎಂದಿತು. ಮೂವರು ಅಪ್ರಾಪ್ತರು ಎಂದೂ ಹೇಳಿತು. ಇವರೇ ಅಪರಾಧಿಗಳು ಎಂದು ಇನ್ನು ಯಾವ ಕೋರ್ಟೂ ಸಾಬೀತು ಮಾಡಲಾರದು, ಅಲ್ಲ ಎಂದೂ ಹೇಳಲಾರದು. ಆ ಹೆಣ್ಣುಮಗಳ ಮನೆಯವರಿಗೂ ಆ ನಷ್ಟ ಶಾಶ್ವತ.

ಆಯೋಗದ ಮಾತು ತೀರ್ಪಲ್ಲ ಎಂಬುದೂ ತಿಳಿದಿರಲಿ. 1952ರ ತನಿಖಾ ಆಯೋಗ ಕಾಯ್ದೆಯಡಿ ಅದು ಸತ್ಯಾಂಶ ಹುಡುಕಿ ಸರ್ಕಾರಕ್ಕೆ ಹೇಳುತ್ತದೆ, ಶಿಕ್ಷೆ ಕೊಡುವುದಿಲ್ಲ. ನಮ್ಮ ಕಾಸರಗೋಡು ಪೇಟೆಯಲ್ಲೇ 2009ರ ನವೆಂಬರಿನಲ್ಲಿ ಪೊಲೀಸ್ ಗುಂಡಿಗೆ ಒಬ್ಬ ಯುವಕ ಸತ್ತಾಗ ನಿಸಾರ್ ಆಯೋಗ ನೇಮಕವಾಯಿತು. ಸರ್ಕಾರ ಬದಲಾದ ಮೇಲೆ ಕೆಲಸ ಮುಗಿಯುವ ಮೊದಲೇ ಅದನ್ನು ನಿಲ್ಲಿಸಲಾಯಿತು. ಅರ್ಧಕ್ಕೆ ನಿಂತ ತನಿಖೆಯಿಂದ ಸತ್ತವನ ಮನೆಗೂ ಗುಂಡು ಹಾರಿಸಿದ ಅಧಿಕಾರಿಗೂ ಅನ್ಯಾಯವೇ ಆಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಮಂಗಳೂರು. ಅಣ್ಣ ತೋರಿಸುವ ವಿಡಿಯೊ, ಮಗ ತೋರಿಸುವ ವಿಡಿಯೊ ಎರಡೂ ನಿಜವೇ ಇರಬಹುದು. ಒಂದು ಇಂಥ ಹೊತ್ತಿನ ಇಂಥ ಬೀದಿ, ಇನ್ನೊಂದು ಬೇರೆ ಹೊತ್ತಿನ ಬೇರೆ ಬೀದಿ. ಒಂದು ಕಡೆ ಕಲ್ಲೆಸೆದದ್ದು ಹೌದಾದರೂ, ಗಂಟೆ ಕಳೆದು ಇನ್ನೊಂದು ಕಡೆ ಬಿದ್ದ ಗುಂಡಿಗೆ ಅದು ಸಮರ್ಥನೆಯಲ್ಲ. ಆತ್ಮರಕ್ಷಣೆಯ ಹಕ್ಕು ಅಪಾಯದ ಭಯ ಇರುವಷ್ಟು ಹೊತ್ತು ಮಾತ್ರ ಎಂದು ಕಾನೂನು ಹೇಳುತ್ತದೆ. ಒಂದೊಂದು ಗುಂಡಿಗೂ ಬೇರೆ ಬೇರೆ ಲೆಕ್ಕ ಕೊಡಬೇಕು, ಆತ್ಮರಕ್ಷಣೆ ಎಂದವರೇ ಅದನ್ನು ತೋರಿಸಿಕೊಡಬೇಕು. ಠಾಣೆಯ ಮೇಲೆ ಗುಂಪು ದಾಳಿಗೆ ಬಂತು ಎಂಬುದು ಪೊಲೀಸರ ವಾದವಾಗಿತ್ತು. ಉಡುಪಿ ಜಿಲ್ಲಾಧಿಕಾರಿಯಾಗಿದ್ದ ಜಿ. ಜಗದೀಶ ಅವರಿಗೆ ಮ್ಯಾಜಿಸ್ಟೀರಿಯಲ್ ತನಿಖೆ ಒಪ್ಪಿಸಲಾಯಿತು. 2020ರ ಫೆಬ್ರವರಿಯಲ್ಲಿ, ಗಲಭೆ ನಡೆಸಿದರೆಂದು ಬಂಧಿತರಾದವರಿಗೆ ಜಾಮೀನು ಕೊಡುವಾಗ ಕರ್ನಾಟಕ ಹೈಕೋರ್ಟ್, ಪೊಲೀಸ್ ಗುಂಡಿಗೆ ಸತ್ತವರ ಮೇಲೆಯೇ ಕೊಲೆಯತ್ನದ ಪ್ರಕರಣ ದಾಖಲಾಗಿದೆ ಎಂದು ಆಕ್ಷೇಪಿಸಿತು. ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಜಾಮೀನಿನ ಮಾತು ಅಂತಿಮ ತೀರ್ಪಲ್ಲ, ತಡೆಯೂ ಅಲ್ಲ. ಮುಂದಿನ ಸಲ ಮನೆಯಲ್ಲಿ ಚರ್ಚೆಯಾದರೆ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: ಆ ಇಬ್ಬರು ಬಿದ್ದ ಜಾಗದಿಂದ ಪೊಲೀಸರು ನಿಂತ ಜಾಗಕ್ಕೆ ಎಷ್ಟು ದೂರ, ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಏನಿತ್ತು? ಎರಡೂ ವಿಡಿಯೊಗಳಲ್ಲಿ ಇದು ಕಾಣದಿದ್ದರೆ ಎರಡೂ ಈ ಪ್ರಶ್ನೆಗೆ ಪುರಾವೆಯಲ್ಲ.

ತನಿಖೆ ಹೇಗೆ ನಡೆಯಬೇಕು ಎಂದು ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 23ರಂದು, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಮತ್ತು ಮಹಾರಾಷ್ಟ್ರ ರಾಜ್ಯದ ನಡುವಿನ ಪ್ರಕರಣದಲ್ಲಿ 16 ಅಂಶಗಳಲ್ಲಿ ಹೇಳಿದೆ. ಎನ್‌ಕೌಂಟರ್ ಸಾವಿಗೆ ಎಫ್‌ಐಆರ್ ಆಗಲೇಬೇಕು. ತನಿಖೆ ಸಿಐಡಿಯದೋ ಬೇರೆ ಠಾಣೆಯದೋ ಆಗಬೇಕು, ಗುಂಡು ಹಾರಿಸಿದ ತಂಡದ ಮುಖ್ಯಸ್ಥನಿಗಿಂತ ಮೇಲಿನ ದರ್ಜೆಯವರ ಉಸ್ತುವಾರಿಯಲ್ಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಇಬ್ಬರು ವೈದ್ಯರು ಶವಪರೀಕ್ಷೆ ಮಾಡಿ ವಿಡಿಯೊ ತೆಗೆದಿಡಬೇಕು. ಪೊಲೀಸರು ತಮ್ಮ ಕೋವಿಗಳನ್ನು ಪರೀಕ್ಷೆಗೆ ಒಪ್ಪಿಸಬೇಕು. ಮ್ಯಾಜಿಸ್ಟೀರಿಯಲ್ ತನಿಖೆ ಕಡ್ಡಾಯ. ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪದಕ ಕೊಡುವ ಹಾಗಿಲ್ಲ. ಇದು ಪಾಲನೆಯಾಗಿಲ್ಲ ಎನಿಸಿದರೆ ಸತ್ತವರ ಮನೆಯವರು ಸೆಷನ್ಸ್ ನ್ಯಾಯಾಧೀಶರಿಗೆ ದೂರು ಕೊಡಬಹುದು. ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಒಂದು ವರ್ಷದೊಳಗೆ ಹೋಗಬೇಕು, ದುಃಖದಲ್ಲಿ ಮುಳುಗಿದ ಮನೆಗಳಿಗೆ ಈ ಗಡುವು ಎಷ್ಟೋ ಸಲ ತಪ್ಪಿಹೋಗುತ್ತದೆ.

ಕೊನೆಗೆ ವಿಡಿಯೊ. ನಿಮ್ಮವರ ಫೋನಿನಲ್ಲಿ ಇದ್ದರೆ ಮೊದಲು ವಾಟ್ಸಾಪಿನಲ್ಲಿ ಹಂಚುವುದನ್ನು ನಿಲ್ಲಿಸಲಿ. ಹಾಗೆ ಹೋದ ಪ್ರತಿ ಸಣ್ಣದಾಗಿ, ಮಸುಕಾಗಿ, ತೆಗೆದ ಹೊತ್ತು ಮತ್ತು ಸ್ಥಳದ ಗುರುತು ಕಳೆದುಕೊಂಡಿರುತ್ತದೆ. ಮೂಲ ಕಡತ ಇರುವ ಫೋನನ್ನು ಮಾರಬಾರದು, ರೀಸೆಟ್ ಮಾಡಬಾರದು, ತುಂಡು ಕತ್ತರಿಸಿ ಹಾಡು ಸೇರಿಸುವುದಂತೂ ಬೇಡವೇ ಬೇಡ. ಕೇಬಲ್ ಹಾಕಿ ಪೂರ್ತಿ ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಎಲ್ಲಿ ನಿಂತು, ಎಷ್ಟು ಹೊತ್ತಿಗೆ, ಯಾವ ಕಡೆ ಮುಖ ಮಾಡಿ ತೆಗೆದದ್ದು ಎಂದು ಅದೇ ದಿನ ಕಾಗದದಲ್ಲಿ ಬರೆದಿಡಲಿ. ಕೋರ್ಟಿನಲ್ಲಿ ಅದು ನಿಲ್ಲಬೇಕಾದರೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಆ ಕಡತದ ಗುರುತು, ಬರೆಯಬೇಕು, ಮುಂದೆ ಒಂದು ಚಿತ್ರ ಬದಲಾದರೂ ಆ ಸಂಖ್ಯೆ ಬದಲಾಗುವುದರಿಂದ ತಿದ್ದಿಲ್ಲ ಎಂಬುದಕ್ಕೆ ಅದೇ ಆಧಾರ. ಪೊಲೀಸರ ಮೇಲೆಯೇ ಆರೋಪವಿರುವ ಪ್ರಕರಣವಾದ್ದರಿಂದ ವಕೀಲರ ಮೂಲಕ ತನಿಖೆ ನಡೆಸುವ ಮ್ಯಾಜಿಸ್ಟ್ರೇಟರಿಗೆ ಕೊಟ್ಟು ರಶೀದಿ ಪಡೆಯುವುದು ಕ್ಷೇಮ. ಫೋನನ್ನು ಪೊಲೀಸರು ವಶಕ್ಕೆ ಪಡೆದರೆ ಮಹಜರಿನಲ್ಲಿ ಅದರ ಐಎಂಇಐ ಎಂಬ ಗುರುತಿನ ಸಂಖ್ಯೆ ಬರೆಸಿ, ಸಹಿ ಹಾಕುವ ಮೊದಲು ಓದಿಸಿಕೊಳ್ಳಲಿ. ಮಲಯಾಳದಲ್ಲಿ ಬರೆದದ್ದು ಓದಲು ಬಾರದಿದ್ದರೆ ಹಾಗೆಂದು ಸಹಿಯ ಪಕ್ಕದಲ್ಲೇ ಕನ್ನಡದಲ್ಲಿ ಬರೆದುಬಿಡಲಿ.